ಜೀವವೈವಿಧ್ಯ ಶಿಕ್ಷಣ: ಕೊಟ್ಟಿಗೆಹಾರ ಮತ್ತು ಮೂಡಿಗೆರೆ–ಕಳಸ ಮಲೆನಾಡು

ಕಾಡು, ಹುಲ್ಲುಗಾವಲು, ಹಳ್ಳ, ಹಡ್ಲು (ಜೌಗು ತಗ್ಗು), ತೋಟ, ಗದ್ದೆ ಇವು ಒಂದನ್ನೊಂದು ಹೇಗೆ ನೆಚ್ಚಿಕೊಂಡಿವೆ, ಅವುಗಳಲ್ಲಿ ಯಾವ ಜೀವಿಗಳು ನೆಲೆಸಿವೆ, ಅವನ್ನು ಉಳಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ಶಾಲೆ ಕಾಲೇಜುಗಳ ಮಕ್ಕಳಿಗೆ ತಿಳಿಸಿಕೊಡುವ ಕೆಲಸವೇ ಜೀವವೈವಿಧ್ಯ ಶಿಕ್ಷಣ. ನಮ್ಮ ಶಾಲೆಗಳಲ್ಲಿ ಇದು ಪರಿಸರ ಅಧ್ಯಯನ, ವಿಜ್ಞಾನ, ಸಮಾಜ, ಭಾಷಾ ಪಾಠಗಳ ನಡುವೆ ಹಂಚಿಹೋಗಿದೆ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರವೂ ಅದರ ಸುತ್ತಲಿನ ಕಾಫಿ ಗುಡ್ಡಗಳೂ ಈ ಶಿಕ್ಷಣದ ಮಟ್ಟಿಗೆ ಕರ್ನಾಟಕದಲ್ಲೇ ಅಪರೂಪದ ಜಾಗ. ಇಲ್ಲಿನ ಹಳ್ಳದ ಒಂದು ಕಪ್ಪೆಗೆ ವಿಜ್ಞಾನ ಈ ಊರಿನ ಹೆಸರಿಟ್ಟಿದೆ. ಕನ್ನಡದ ಓದುಗರನ್ನು ಪುಸ್ತಕದಿಂದ ಕಾಡಿಗೆ ಕರೆದೊಯ್ದ ಪೂರ್ಣಚಂದ್ರ ತೇಜಸ್ವಿ ಬಾಳಿದ್ದು ಇದೇ ತಾಲ್ಲೂಕಿನಲ್ಲಿ. ದೇಶದ ಗಣಿಗಾರಿಕೆಯ ಇತಿಹಾಸದಲ್ಲಿ ಮರೆಯಲಾಗದ ಒಂದು ನ್ಯಾಯಾಲಯದ ತೀರ್ಪು ಬಂದದ್ದು ಪಕ್ಕದ ಕುದುರೆಮುಖದ ಕುರಿತು. ಇಷ್ಟೆಲ್ಲ ಇದ್ದೂ ಇಲ್ಲಿನ ಮಗು ತರಗತಿಯಲ್ಲಿ ಓದುವ ಕಾಡು ಬೇರೆಯೇ, ಕಿಟಕಿಯಾಚೆ ಕಾಣುವ ಕಾಡು ಬೇರೆಯೇ ಆಗಿ ಉಳಿದಿದೆ. ಈ ಅಂತರ ಹೇಗೆ ಬಂತು, ಅದನ್ನು ಕಡಿಮೆ ಮಾಡಲು ಯಾರು ಏನು ಮಾಡಿದ್ದಾರೆ, ಇನ್ನೇನು ಆಗಬೇಕು ಎಂಬುದೇ ಈ ಲೇಖನದ ವಿಷಯ.

ನೆಲ ಮತ್ತು ನೀರು

ಕೊಟ್ಟಿಗೆಹಾರ ಮೂರು ದಾರಿ ಕೂಡುವ ಸಣ್ಣ ಪೇಟೆ. ಒಂದು ದಾರಿ ಬಣಕಲ್ ಮೂಲಕ ಮೂಡಿಗೆರೆಗೆ, ಒಂದು ಚಾರ್ಮಾಡಿ ಘಾಟಿ ಇಳಿದು ಉಜಿರೆ, ಬೆಳ್ತಂಗಡಿ ಕಡೆಗೆ, ಇನ್ನೊಂದು ಕಳಸ, ಹೊರನಾಡು, ಕುದುರೆಮುಖದತ್ತ ಹೋಗುತ್ತದೆ. ಪಶ್ಚಿಮಘಟ್ಟದ ನೆತ್ತಿಗೆ ಅಂಟಿಕೊಂಡಂತಿರುವ ಈ ಸೀಮೆಯಲ್ಲಿ ಮಳೆಗಾಲದ ಗಾಳಿ ಗುಡ್ಡಕ್ಕೆ ಬಡಿದು ತಿಂಗಳುಗಟ್ಟಲೆ ಸುರಿಯುತ್ತದೆ. ಸುರಿದ ನೀರು ಎತ್ತ ಹೋಗುತ್ತದೆ ಎಂಬುದು ಇಲ್ಲಿ ಕಲಿಸಬೇಕಾದ ಮೊದಲ ಪಾಠ. ಗುಡ್ಡದ ಪಡುವಣ ಮಗ್ಗುಲಿಗೆ ಬಿದ್ದ ಹನಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಬಳಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಕಳಸದ ದಾರಿಯ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಮೂಡಲಿಗೆ ಹರಿದು ಕಾವೇರಿಯನ್ನು ಕೂಡುತ್ತದೆ. ಗಂಗಾಮೂಲದಲ್ಲಿ ಹುಟ್ಟಿ ಕಳಸವನ್ನು ಬಳಸಿ ಹರಿಯುವ ಭದ್ರೆ ತುಂಗೆಯ ಜೊತೆಗೂಡಿ ಕೃಷ್ಣೆಗೆ ಸೇರುತ್ತಾಳೆ. ಒಂದೇ ಬೆಟ್ಟಸಾಲಿನ ಮಳೆ ಮೂರು ದೊಡ್ಡ ನದಿ ವ್ಯವಸ್ಥೆಗಳಿಗೆ ಹಂಚಿಹೋಗುವ ಇಂಥ ಜಾಗ ಹೆಚ್ಚಿಲ್ಲ. ತನ್ನ ಮನೆ ಹಿಂದಿನ ಹಳ್ಳ ಕೊನೆಗೆ ಯಾವ ಕಡಲು ಮುಟ್ಟುತ್ತದೆ ಎಂದು ಹೇಳಬಲ್ಲ ಮಗುವಿಗೆ ಜಲಾನಯನ ಎಂಬ ಮಾತನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಬೆಟ್ಟದ ಮೇಲ್ಭಾಗದಲ್ಲಿ ಹುಲ್ಲುಗಾವಲು, ಹುಲ್ಲಿನ ಮಡಿಲ ಕಣಿವೆಗಳಲ್ಲಿ ಗುಂಪುಗುಂಪಾಗಿ ಶೋಲಾ ಕಾಡು, ಇಳಿಜಾರಿನಲ್ಲಿ ನಿತ್ಯಹರಿದ್ವರ್ಣದ ಕಾನು, ಕೆಳಗೆ ಮರದ ನೆರಳಿನ ಕಾಫಿ ತೋಟ, ತೋಟಗಳ ನಡುವಿನ ತಗ್ಗಿನಲ್ಲಿ ಹಡ್ಲು ಮತ್ತು ಗದ್ದೆ: ನೆಲದ ಸಾಮಾನ್ಯ ಜೋಡಣೆ ಇದು. ಹುಲ್ಲು ಮತ್ತು ಶೋಲಾ ಸ್ಪಂಜಿನಂತೆ ಮಳೆನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಮೆಲ್ಲಗೆ ಬಿಡುವುದರಿಂದಲೇ ಹಳ್ಳಗಳು ಬತ್ತದೆ ಉಳಿಯುತ್ತವೆ. ಸಿಂಗಳೀಕ, ಕಾಳಿಂಗ ಸರ್ಪ, ಮಂಗಟ್ಟೆ ಹಕ್ಕಿ, ಹಾರುವ ಓತಿ ಇವೆಲ್ಲ ಈ ಕಾಡುಗಳ ವಾಸಿಗಳು. 1987ರಲ್ಲಿ ಘೋಷಣೆಯಾದ ಸುಮಾರು 600 ಚದರ ಕಿ.ಮೀ. ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನ 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದು.

ಊರಿನ ಹೆಸರು ಹೊತ್ತ ಕಪ್ಪೆ

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣ ರಾವ್ ಈ ಸೀಮೆಯ ಜೀವವೈವಿಧ್ಯ ಅಧ್ಯಯನದಲ್ಲಿ ಮೊದಲು ನೆನೆಯಬೇಕಾದವರು. 1932ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ವಿಜ್ಞಾನ ಪತ್ರಿಕೆಯ ಮೊದಲ ಸಂಪಾದಕರು ಇವರೇ. 1937ರಲ್ಲಿ ಅವರು ದಕ್ಷಿಣ ಭಾರತದ ಹೊಸ ಕಪ್ಪೆಗಳನ್ನು ವಿವರಿಸಿದಾಗ ಅವುಗಳಲ್ಲಿ ಒಂದಕ್ಕೆ 'ಕೊಟ್ಟಿಗೆಹಾರೆನ್ಸಿಸ್' ಎಂದು ಹೆಸರಿಟ್ಟರು. ಬೇರೊಂದು ಕುಲದಲ್ಲಿ ಸೇರಿಸಿದ್ದ ಈ ಕಪ್ಪೆ ಈಗ ಮೈಕ್ರಿಕ್ಸಾಲಸ್ ಕುಲದಲ್ಲಿದೆ. ಕೊಟ್ಟಿಗೆಹಾರದ ಕುಣಿಯುವ ಕಪ್ಪೆ ಎಂಬುದು ಅದರ ಬಳಕೆಯ ಹೆಸರು. ನಾರಾಯಣ ರಾವ್ ಅವರು ಹೆಸರಿಡಲು ಆಧಾರವಾಗಿ ಇಟ್ಟುಕೊಂಡಿದ್ದ ಮೂಲ ಮಾದರಿಗಳು ಕಳೆದುಹೋಗಿವೆ. ಹಾಗಾಗಿ ಮುಂದಿನ ಸಂಶೋಧಕರು ಅದೇ ಸೀಮೆಯ ಹಳ್ಳಗಳಿಗೆ ಮತ್ತೆ ಹೋಗಿ ಹುಡುಕಬೇಕಾಯಿತು. ಒಂದು ಜೀವಿಯ ಬಗ್ಗೆ ನಮಗಿರುವ ತಿಳಿವಳಿಕೆ ಎಷ್ಟು ಸಣ್ಣ ಎಳೆಗೆ ಜೋತುಬಿದ್ದಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಈ ಕುಲದ ಕಪ್ಪೆಗಳು ಪಶ್ಚಿಮಘಟ್ಟದಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹೆಬ್ಬೆರಳಿನ ಗಾತ್ರವನ್ನೂ ಅಷ್ಟಾಗಿ ಮೀರದ ಇವು ನೆರಳಿನಲ್ಲಿ ರಭಸವಾಗಿ ಹರಿಯುವ ಹಳ್ಳದ ಕಲ್ಲುಗಳ ಮೇಲೆ ಕೂರುತ್ತವೆ. ನೀರಿನ ಸದ್ದಿನಲ್ಲಿ ಕೂಗು ಕೇಳಿಸುವುದು ಕಷ್ಟವಾದ್ದರಿಂದ ಗಂಡು ತನ್ನ ಹಿಂಗಾಲನ್ನು ಚಾಚಿ, ಬೆರಳು ಬಿಡಿಸಿ ಬೀಸುತ್ತದೆ. ಎದುರಾಳಿಗೆ ಇದು ನನ್ನ ಕಲ್ಲು ಎಂದು ತಿಳಿಸುವ ಬಗೆ ಅದು. 2014ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಈ ಕುಲದ 14 ಹೊಸ ಪ್ರಭೇದಗಳನ್ನು ಒಟ್ಟಿಗೇ ವಿವರಿಸಿದರು. 2016ರಲ್ಲಿ ಇದೇ ಕುಲದ ಒಂದು ಪ್ರಭೇದದ ಗೊದಮೊಟ್ಟೆಗಳು ಹಳ್ಳದ ತಳದ ಮರಳಿನೊಳಗೆ ಹುದುಗಿ ಬೆಳೆಯುತ್ತವೆ ಎಂಬುದು ಹೊರಬಿತ್ತು. ಹಳ್ಳದ ದಡದ ಮರ ಕಡಿದರೆ ನೆರಳು ಹೋಯಿತು. ಮೇಲೆ ರಸ್ತೆ ಅಗೆದ ಮಣ್ಣು ಹಳ್ಳಕ್ಕೆ ಬಂದರೆ ಮರಳಿನ ಸಂದಿ ಮುಚ್ಚಿತು. ಬೇಸಿಗೆಯಲ್ಲಿ ಹಳ್ಳಕ್ಕೆ ಅಡ್ಡಕಟ್ಟಿ ಪಂಪು ಹಾಕಿ ಪೂರ್ತಿ ಎಳೆದರೆ ಹರಿವೇ ನಿಂತಿತು. ಒಂದು ಕಪ್ಪೆಯ ಬಾಳುವೆಗೆ ಏನೇನು ಬೇಕು ಎಂದು ಹುಡುಗರು ಪಟ್ಟಿ ಮಾಡುತ್ತ ಹೋದರೆ ಇಡೀ ಹಳ್ಳದ ಪರಿಸರ ವ್ಯವಸ್ಥೆಯೇ ಆ ಪಟ್ಟಿಯಲ್ಲಿ ಇಳಿದುಬರುತ್ತದೆ. ಹುಲಿ, ಆನೆಗಳನ್ನು ಮುಂದಿಟ್ಟುಕೊಂಡು ಆರಂಭವಾಗುವ ಪಾಠಕ್ಕಿಂತ ಈ ಭಾಗದ ಶಾಲೆಗಳಲ್ಲಿ ಕಪ್ಪೆಯಿಂದ ಆರಂಭವಾಗುವ ಪಾಠ ಹೆಚ್ಚು ಫಲ ಕೊಡುವುದು ನಿಶ್ಚಯ. ಮಗು ದಿನವೂ ದಾಟುವ ಕಾಲುಸಂಕದ ಕೆಳಗೇ ಆ ಪಾಠ ಇರುತ್ತದೆ.

ತೇಜಸ್ವಿಯವರ ಮಾರ್ಗ

ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಶಿಕ್ಷಕರಾಗಿರಲಿಲ್ಲ, ಪರಿಸರ ಶಿಕ್ಷಣ ಎಂಬ ಹೆಸರಿನ ಯಾವ ಪಠ್ಯವನ್ನೂ ಬರೆದವರಲ್ಲ. ಮೂಡಿಗೆರೆಯ ಬಳಿ ಕಾಫಿ ಬೆಳೆಯುತ್ತ, ಮೀನು ಹಿಡಿಯುತ್ತ, ಹಕ್ಕಿಗಳ ಚಿತ್ರ ತೆಗೆಯುತ್ತ ಬರೆದರು. ಆದರೂ ಕನ್ನಡದಲ್ಲಿ ಈ ಶಿಕ್ಷಣಕ್ಕೆ ಗಟ್ಟಿ ತಳಪಾಯ ಹಾಕಿದವರಲ್ಲಿ ಅವರು ಪ್ರಮುಖರು. 1980ರಲ್ಲಿ ಬಂದ 'ಕರ್ವಾಲೊ' ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ, ಇನ್ನು ಕೆಲವರು ಹಾರುವ ಓತಿಯನ್ನು ಹುಡುಕಿಕೊಂಡು ನಾರ್ವೆಯ ಕಾಡಿಗೆ ಹೋಗುತ್ತಾರೆ. ಊರಿನ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಕರ್ವಾಲೊ ಅವನಲ್ಲಿ ಹುಟ್ಟು ನಿಸರ್ಗಶಾಸ್ತ್ರಜ್ಞನನ್ನು ಕಾಣುತ್ತಾರೆ. ಶಾಲೆ ದಡ್ಡ ಎಂದು ಬಿಟ್ಟವನಲ್ಲಿ ಕಾಡಿನ ವಿದ್ಯೆ ಇದೆ, ಅದನ್ನು ಗುರುತಿಸಬಲ್ಲ ಗುರು ಬೇಕು ಎಂಬ ಈ ಒಂದು ಹೊಳಹು ಮಲೆನಾಡಿನ ಪ್ರತಿಯೊಬ್ಬ ಶಿಕ್ಷಕರಿಗೂ ಹೇಳಿದ ಮಾತಿನಂತಿದೆ. 1991ರ 'ಪರಿಸರದ ಕತೆ' ಪರಿಸರದ ಬಗ್ಗೆ ಉಪದೇಶ ಮಾಡದೆ ಅದರೊಳಗೆ ಬದುಕುವ ಮನುಷ್ಯರ, ನಾಯಿಗಳ, ಹಾವು ಹಕ್ಕಿಗಳ ಕತೆ ಹೇಳಿತು. ಅದಕ್ಕೇ ಅದು ಇಂದಿಗೂ ಹೈಸ್ಕೂಲು ಮಕ್ಕಳ ಕೈಯಲ್ಲಿದೆ. ಕನ್ನಡ ನಾಡಿನ ಹಕ್ಕಿಗಳ ಕುರಿತ ಅವರ ಪುಸ್ತಕಗಳು ಹಕ್ಕಿಗಳನ್ನು ಕನ್ನಡದ ಹೆಸರಿನಿಂದಲೇ ಗುರುತಿಸುವ ಧೈರ್ಯ ಕೊಟ್ಟವು.

ಅವರಿಗೂ ಹಿಂದೆ ಈ ದಾರಿಯಲ್ಲಿ ನಡೆದವರಿದ್ದಾರೆ. ಶಿವರಾಮ ಕಾರಂತರ 'ಬಾಲಪ್ರಪಂಚ' 1930ರ ದಶಕದಲ್ಲೇ ಮಕ್ಕಳಿಗಾಗಿ ವಿಶ್ವಕೋಶ ಕಟ್ಟಿಕೊಟ್ಟಿತು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಅಲೆದ ಪ್ರವಾಸಗಳ ಕಥನ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಸ್ತಕವನ್ನು ಬೋಧನಾ ವಿಧಾನದ ಪುಸ್ತಕವೆಂದೂ ಓದಬಹುದು. ಮರದ ಕೆಳಗೆ ನಿಂತು, ಎಲೆ ಕಿವುಚಿ ಮೂಸಿ, ತಮಾಷೆ ಮಾಡುತ್ತ, ತಪ್ಪು ಹೇಳಿದ ಹುಡುಗನನ್ನು ಕೆಣಕುತ್ತ ಪಾಠ ಹೇಗೆ ನಡೆಯಬೇಕು ಎಂಬುದು ಅದರಲ್ಲಿದೆ. ಪ್ರಶಿಕ್ಷಣ ಕಾಲೇಜುಗಳು ಇದನ್ನು ಏಕೆ ಬಳಸಿಕೊಳ್ಳಲಿಲ್ಲ ಎಂದು ಅಚ್ಚರಿಯಾಗುತ್ತದೆ.

ತೇಜಸ್ವಿಯವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಸ್ಥಾಪಿಸಿದ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲೇ ಇದೆ. ಅವರ ಸಾಹಿತ್ಯದ ಓದು, ಚಾರಣ, ಛಾಯಾಚಿತ್ರ ಪ್ರದರ್ಶನ, ಮಕ್ಕಳ ಶಿಬಿರಗಳ ಜೊತೆಗೆ ಕೀಟ ಸಂಗ್ರಹಾಲಯವನ್ನೂ ಅದು ನಡೆಸುತ್ತ ಬಂದಿದೆ. ಬೆಂಗಳೂರು, ಮೈಸೂರಿನ ಕಾಲೇಜು ಹುಡುಗರು ಬಸ್ಸಿನಲ್ಲಿ ಬಂದು ನೋಡಿ ಹೋಗುವುದು ಒಳ್ಳೆಯದೇ. ಆದರೆ ಇಂಥ ಸಂಸ್ಥೆಯ ಮೇಲೆ ಮೊದಲ ಹಕ್ಕು ಬಣಕಲ್, ಬಾಳೂರು, ಜಾವಳಿ, ಸಂಸೆ, ಕಳಸದ ಸರ್ಕಾರಿ ಶಾಲೆಗಳ ಮಕ್ಕಳದು. ಕೀಟಗಳ ಪೆಟ್ಟಿಗೆಯ ಮುಂದೆ ನಿಂತ ತೋಟದ ಲೈನ್ ಮನೆಯ ಹುಡುಗಿ ಕಾಫಿ ಗಿಡದ ಕಾಂಡಕೊರಕದ ದುಂಬಿಯನ್ನು ಕಂಡಕೂಡಲೇ ಗುರುತಿಸಿಯಾಳು. ಪೇಟೆಯಿಂದ ಬಂದವರಿಗೆ ಅವಳೇ ಅದರ ಕತೆ ಹೇಳಬಲ್ಲಳು.

ಕಾನೂನು ಮತ್ತು ಪಠ್ಯ

1986ರ ರಾಷ್ಟ್ರೀಯ ಶಿಕ್ಷಣ ನೀತಿ ಪರಿಸರ ರಕ್ಷಣೆಯನ್ನು ಎಲ್ಲ ಮಕ್ಕಳೂ ಕಲಿಯಬೇಕಾದ ತಿರುಳಿನ ವಿಷಯಗಳಲ್ಲಿ ಒಂದೆಂದು ಸಾರಿತು. ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಶಾಲೆ ಕಾಲೇಜುಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿತು, 2003ರಲ್ಲಿ ಅದನ್ನು ಜಾರಿಗೆ ತರುವಂತೆ ಮತ್ತೆ ಒತ್ತಾಯಿಸಿತು. ಪದವಿ ತರಗತಿಗಳಿಗೆ ಆರು ತಿಂಗಳ ಪರಿಸರ ಪಠ್ಯ ಬಂದದ್ದು ಇದರ ಫಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಪರಿಸರವನ್ನು ಪ್ರತ್ಯೇಕ ವಿಷಯವಾಗಿಸುವ ಬದಲು ಎಲ್ಲ ವಿಷಯಗಳಲ್ಲಿ ಬೆರೆಸಬೇಕೆಂದಿತು. ಹಸಿರು ಪಡೆ, ಇಕೋ ಕ್ಲಬ್ಬುಗಳು, ಅರಣ್ಯ ಇಲಾಖೆ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಚಿಣ್ಣರ ವನದರ್ಶನ, 1993ರಿಂದ ನಡೆಯುತ್ತಿರುವ ಮಕ್ಕಳ ವಿಜ್ಞಾನ ಸಮಾವೇಶ ಇವೆಲ್ಲ ಪಠ್ಯದ ಹೊರಗಿನ ಏರ್ಪಾಡುಗಳು. 1978ರಲ್ಲಿ ಹೊರಟ ಕನ್ನಡ ಮಾಸಪತ್ರಿಕೆ 'ಬಾಲವಿಜ್ಞಾನ' ಎಷ್ಟೋ ಹಳ್ಳಿ ಶಾಲೆಗಳಿಗೆ ತಲುಪಿತು. ಸ್ವಯಂಸೇವಾ ಸಂಸ್ಥೆಗಳಲ್ಲಿ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಕನ್ನಡದಲ್ಲಿ ಹಕ್ಕಿಗಳ ಚಿತ್ರಪಟ, ಚೀಟಿಗಳನ್ನು ಮಾಡಿಕೊಟ್ಟಿದೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2018ರಲ್ಲಿ ಆರಂಭಿಸಿದ 'ವೈಲ್ಡ್ ಶಾಲೆ' ವನ್ಯಧಾಮಗಳ ಅಂಚಿನ ಹಳ್ಳಿಶಾಲೆಗಳಿಗೇ ಹೋಗಿ ಆಟ, ಕತೆಗಳ ಮೂಲಕ ಕಲಿಸುತ್ತದೆ.

ಕುದುರೆಮುಖದ ಪ್ರಕರಣ ಇಲ್ಲಿ ಪ್ರತ್ಯೇಕವಾಗಿ ನೆನೆಯತಕ್ಕದ್ದು. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರು ಕಂಪನಿ ಭದ್ರೆಯ ಉಗಮದ ಹತ್ತಿರವೇ ಗುಡ್ಡಗಳನ್ನು ಅಗೆಯಿತು, ಅದಿರಿನ ಕೆಸರನ್ನು ನಿಲ್ಲಿಸಲು ಲಕ್ಯಾ ಹೊಳೆಗೆ ಅಣೆಕಟ್ಟೆ ಕಟ್ಟಿತು. ನದಿಗೆ ಸೇರುವ ಹೂಳಿನ ವಿರುದ್ಧ, ಕಾಡಿನ ನಾಶದ ವಿರುದ್ಧ ಹೋರಾಟ ಬೆಳೆಯಿತು. ಕೆ.ಎಂ. ಚಿಣ್ಣಪ್ಪ ಅವರ ಹೆಸರಿನಲ್ಲಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2002ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು. ಅದರಂತೆ 2005ರ ಕೊನೆಗೆ ಗಣಿ ನಿಂತಿತು. ಚಿಣ್ಣಪ್ಪನವರು ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದವರು. ನಿವೃತ್ತಿಯ ಬಳಿಕ ಶಾಲಾ ಮಕ್ಕಳಿಗೆ ನಿಸರ್ಗ ಶಿಬಿರ ನಡೆಸುವುದನ್ನೇ ದೊಡ್ಡ ಕೆಲಸವೆಂದುಕೊಂಡವರು. ಕೋರ್ಟಿನ ಕಟ್ಟೆ ಹತ್ತಿದ ವ್ಯಕ್ತಿಯೇ ಮಕ್ಕಳೊಡನೆ ಕಾಡಿನಲ್ಲಿ ನಡೆಯುವುದನ್ನೂ ಅಷ್ಟೇ ಮುಖ್ಯವೆಂದು ನಂಬಿದ್ದರು. ಕಳಸ ಸೀಮೆಯ ಹೈಸ್ಕೂಲುಗಳಲ್ಲಿ ಈ ತೀರ್ಪು ಸಮಾಜ ವಿಜ್ಞಾನದ ಪಾಠವಾಗಬೇಕು. ಗಣಿಯಿಂದ ಸಂಬಳ ಪಡೆದ ಕುಟುಂಬಗಳ ಮಕ್ಕಳೂ ಅದೇ ತರಗತಿಯಲ್ಲಿ ಕೂತಿರುತ್ತಾರೆ. ಅವರ ಮನೆಯ ನಷ್ಟದ ಮಾತನ್ನೂ ಸೇರಿಸಿಕೊಂಡಾಗಲೇ ಆ ಪಾಠ ಪೂರ್ಣವಾಗುತ್ತದೆ.

ಗಿಡ ನೆಟ್ಟರೆ ಸಾಕೇ

1950ರಲ್ಲಿ ಕೆ.ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವ ಶಾಲೆಗಳಲ್ಲಿ ಪರಿಸರ ಶಿಕ್ಷಣದ ಮುಖವೇ ಆಗಿಬಿಟ್ಟಿದೆ. ಜೂನ್ ಐದರ ಪರಿಸರ ದಿನ ಬಂತೆಂದರೂ ಅದೇ ಭಾಷಣ, ಸಸಿ, ಫೋಟೊ. ಬಯಲುಸೀಮೆಯ ಶಾಲೆಯಂಗಳದಲ್ಲಿ ನೆರಳಿನ ಮರ ಬೆಳೆಸುವುದು ಒಳ್ಳೆಯ ಕೆಲಸ. ಆದರೆ ಮಲೆನಾಡಿನ ನೆತ್ತಿಯಲ್ಲಿ ಇದೇ ಪಾಠ ಅಪಾಯಕಾರಿಯಾಗಬಲ್ಲದು. ಮರವಿಲ್ಲದ ಗುಡ್ಡ ಹಾಳು ಗುಡ್ಡ, ಅಲ್ಲಿ ಗಿಡ ನೆಡಬೇಕು ಎಂಬ ನಂಬಿಕೆ ಮಕ್ಕಳಲ್ಲಿ ಬೇರೂರುತ್ತದೆ. ಕುದುರೆಮುಖ, ಬಲ್ಲಾಳರಾಯನ ದುರ್ಗ, ಎತ್ತಿನಭುಜದ ಸುತ್ತಿನ ಹುಲ್ಲುಗಾವಲು ಯಾರೋ ಕಡಿದು ಬೋಳಾದದ್ದಲ್ಲ. ಅದು ತಾನೇ ಒಂದು ಪ್ರಾಚೀನ ಪರಿಸರ ವ್ಯವಸ್ಥೆ. ಹುಲ್ಲಿನಲ್ಲೇ ಗೂಡು ಕಟ್ಟುವ ಹಕ್ಕಿಗಳು, ಹುಲ್ಲನ್ನೇ ನೆಚ್ಚಿದ ಕಾಡುಕೋಣ, ಕಡವೆ, ಮಳೆಗಾಲದಲ್ಲಿ ಮಾತ್ರ ತಲೆ ಎತ್ತುವ ನೆಲದ ಆರ್ಕಿಡ್‌ಗಳು ಅಲ್ಲಿವೆ. ಕಳೆದ ಶತಮಾನದಲ್ಲಿ ಇಂಥ ಹುಲ್ಲುಗಾವಲುಗಳ ಮೇಲೆ ಅಕೇಶಿಯಾ, ನೀಲಗಿರಿ ನೆಟ್ಟು ಕಾಡು ಬೆಳೆಸಿದೆವೆಂದು ತಿಳಿದದ್ದರ ಫಲವನ್ನು ಪಶ್ಚಿಮಘಟ್ಟದ ಹಲವು ಕಡೆ ಈಗಲೂ ಕಾಣಬಹುದು. ಹುಲ್ಲು ಸತ್ತಿತು, ಹಳ್ಳ ಸೊರಗಿತು, ನೆಲ ಒಂದೇ ಜಾತಿಯ ಮರದ ಪಾಲಾಯಿತು. 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದ ಇದೇ ಜಿಲ್ಲೆಯ ಹೊಗ್ರೇಕಾನಿನಲ್ಲಿ ಶೋಲಾ ಎಷ್ಟು ಮುಖ್ಯವೋ ಹುಲ್ಲೂ ಅಷ್ಟೇ ಮುಖ್ಯ.

ಹಡ್ಲಿನ ಗತಿಯೂ ಇದೇ. ವರ್ಷವಿಡೀ ತೇವವಿರುವ ಈ ಜೌಗು ತಗ್ಗುಗಳನ್ನು ಪಾಳು ಎಂದು ಬರೆದಿಟ್ಟು, ಮಣ್ಣು ತುಂಬಿ ತೋಟವನ್ನೋ ಹೋಂಸ್ಟೇಯನ್ನೋ ಮಾಡುತ್ತಾರೆ. ಭತ್ತದ ಗದ್ದೆಗಳು ಅಡಿಕೆ, ಶುಂಠಿಯ ಪಾಲಾಗಿವೆ. ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರಿಬರುವ ಹತ್ತುಮೀನು, ಗದ್ದೆಯಂಚಿನ ಏಡಿ, ಕಪ್ಪೆಗಳ ರಾತ್ರಿಯ ಕೂಗು ಇವನ್ನೆಲ್ಲ ಈಗಿನ ಮಕ್ಕಳಲ್ಲಿ ಹಲವರು ಅಜ್ಜನ ಬಾಯಲ್ಲಷ್ಟೇ ಕೇಳಿದ್ದಾರೆ. ಆದ್ದರಿಂದ ಈ ಸೀಮೆಯ ಶಾಲೆಗಳು ಮೊದಲು ಮಾಡಬೇಕಾದದ್ದು ಇರುವುದನ್ನು ಗುರುತಿಸಿ ಹೆಸರು ಹಿಡಿದು ಕರೆಯುವುದು. ನೆಡುವುದು ಅದರ ನಂತರದ ಮಾತು.

ತೋಟವೇ ತರಗತಿ

ಇಲ್ಲಿನ ಬಹುಪಾಲು ಮಕ್ಕಳ ಬದುಕು ನಡೆಯುವುದು ಕಾಡಿನಲ್ಲೂ ಅಲ್ಲ, ಪೇಟೆಯಲ್ಲೂ ಅಲ್ಲ, ಕಾಫಿ ತೋಟದಲ್ಲಿ. ತೋಟ ಎಷ್ಟರಮಟ್ಟಿಗೆ ಕಾಡು, ಎಷ್ಟರಮಟ್ಟಿಗೆ ಬೆಳೆ ಎಂಬ ಪ್ರಶ್ನೆಯಷ್ಟು ಒಳ್ಳೆಯ ಪ್ರಶ್ನೆ ಜೀವವೈವಿಧ್ಯ ಶಿಕ್ಷಣಕ್ಕೆ ಬೇರೊಂದು ಸಿಗದು. ಹಳೆಯ ತೋಟಗಳಲ್ಲಿ ಅತ್ತಿ, ಬಸರಿ, ಗೋಣಿ, ಹಲಸು, ಹೊನ್ನೆ, ಮತ್ತಿ, ಬೀಟೆ, ನೇರಳೆ ಇವೆಲ್ಲ ಮೇಲಿನ ನೆರಳಿಗೆ, ಹಾಲುವಾಣ ಕೆಳಗಿನ ನೆರಳಿಗೆ ಇರುತ್ತಿದ್ದವು. ಅತ್ತಿ, ಬಸರಿ ಜಾತಿಯ ಮರಗಳು ಹಣ್ಣು ಬಿಟ್ಟಾಗ ಮಂಗಟ್ಟೆ, ಕುಟ್ರ, ಪಾರಿವಾಳ, ಕೆಂಜಳಿಲು ಎಲ್ಲಕ್ಕೂ ಊಟ. ಇತ್ತೀಚಿನ ದಶಕಗಳಲ್ಲಿ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಈ ಮರಗಳ ಜಾಗಕ್ಕೆ ಬಂದಿದೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಲು ನೆಟ್ಟಗಿನ ಕಾಂಡ ಕೊಡುತ್ತದೆ, ಕಡಿಯಲು ಅರಣ್ಯ ಇಲಾಖೆಯ ಪರವಾನಗಿಗೆ ಓಡಾಡಬೇಕಿಲ್ಲ. ಬೆಳೆಗಾರರನ್ನು ದೂರಿ ಪ್ರಯೋಜನವಿಲ್ಲ. ತಾನೇ ಬೆಳೆಸಿದ ಹೊನ್ನೆ, ಬೀಟೆಯನ್ನು ಮುಟ್ಟಲು ಕಾನೂನಿನ ತೊಡಕಿದ್ದರೆ ಅವನ್ನು ಬೆಳೆಸುವವರು ಯಾರು? ಪಶ್ಚಿಮಘಟ್ಟದ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ ನಡೆದ ಪಕ್ಷಿ ಗಣತಿಗಳು 200ಕ್ಕೂ ಹೆಚ್ಚು ಹಕ್ಕಿಜಾತಿಗಳನ್ನು ದಾಖಲಿಸಿವೆ. ಮೂರರಲ್ಲಿ ಕಾಫಿ ತೋಟವೇ ಮುಂದು, ಅದಕ್ಕೆ ಕಾರಣ ಅದರ ನೆರಳಿನ ಮರ.

ಹೈಸ್ಕೂಲಿನ ಹುಡುಗರು ಎರಡು ತೋಟಗಳನ್ನು ಹೋಲಿಸಿ ನೋಡಬಹುದು. ಒಂದು ಹಲವು ಜಾತಿ ಮರದ್ದು, ಒಂದು ಬರೀ ಸಿಲ್ವರ್ ಓಕಿನದು. ಬೆಳಗ್ಗೆ ಒಂದು ಗಂಟೆ ಕೂತು ಕಂಡ ಹಕ್ಕಿ ಬರೆಯುವುದು, ಒಂದು ಬುಟ್ಟಿ ತರಗೆಲೆಯಲ್ಲಿ ಎಷ್ಟು ಬಗೆಯ ಹುಳ ಸಿಗುತ್ತದೆ ಎಂದು ನೋಡಿ ಮತ್ತೆ ಅಲ್ಲೇ ಬಿಡುವುದು, ಎರಡು ಕಡೆಯ ಮಣ್ಣಿನ ತೇವ ಕೈಯಲ್ಲಿ ಹಿಡಿದು ನೋಡುವುದು. ಇದಕ್ಕೆ ಉಪಕರಣ ಬೇಡ, ಅನುದಾನ ಬೇಡ, ತೋಟದ ಯಜಮಾನರ ಒಪ್ಪಿಗೆ ಸಾಕು. ಬಾಳೆ­ಹೊನ್ನೂರಿನಲ್ಲಿ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರ, ಮೂಡಿಗೆರೆಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಹತ್ತಿರದಲ್ಲೇ ಇವೆ. ಕಾಂಡಕೊರಕ ನೆರಳು ಕಡಿಮೆಯಾದ ಅರೇಬಿಕಾ ತೋಟದಲ್ಲಿ ಏಕೆ ಹೆಚ್ಚುತ್ತದೆ ಎಂಬುದನ್ನು ಅಲ್ಲಿನ ವಿಜ್ಞಾನಿಗಳಿಂದ ಮಕ್ಕಳು ಕೇಳಿ ತಿಳಿದರೆ, ನೆರಳು ಉಳಿಸುವುದು ಬೆಳೆಯ ಲಾಭಕ್ಕೂ ಸೇರಿದ್ದು ಎಂಬುದು ಮನೆಯವರಿಗೂ ಮುಟ್ಟುತ್ತದೆ.

ಋತುವಿನ ಲೆಕ್ಕವೂ ಮುಖ್ಯ. ಮಾರ್ಚ್–ಏಪ್ರಿಲಿನ ಹೂಮಳೆಗೆ ಕಾಫಿ ಬಿಳಿಯಾಗಿ ಅರಳಿ ತುಡುವೆ, ಹೆಜ್ಜೇನು ಮುತ್ತುವ ಹೊತ್ತಿಗೆ ಪರೀಕ್ಷೆ. ಕಪ್ಪೆ, ಅಣಬೆ, ಕಳಲೆ, ಆರ್ಕಿಡ್‌ಗಳ ಕಾಲವಾದ ಜುಲೈ–ಆಗಸ್ಟಿನಲ್ಲಿ ಮಳೆ ರಜೆ. ನವೆಂಬರಿನಿಂದ ಕೊಯ್ಲು, ಆಗ ಎಷ್ಟೋ ಮಕ್ಕಳು ಮನೆಗೆಲಸದಲ್ಲಿ. ರಾಜ್ಯಕ್ಕೆಲ್ಲ ಒಂದೇ ಪಾಠವೇಳಾಪಟ್ಟಿ ಇರುವ ತನಕ ಮಲೆನಾಡಿನ ನಿಸರ್ಗ ಪಾಠ ಋತು ತಪ್ಪಿಯೇ ನಡೆಯುತ್ತದೆ. ಇದಕ್ಕೆ ಸೀಮೆಯ ಮಟ್ಟದ ನಿಸರ್ಗ ಪಂಚಾಂಗವೊಂದನ್ನು ಶಿಕ್ಷಕರೇ ಸೇರಿ ಮಾಡಿಕೊಳ್ಳುವುದು ಒಳ್ಳೆಯ ದಾರಿ.

ಶಿಕ್ಷಕರ ಕಷ್ಟವನ್ನೂ ಹೇಳಬೇಕು. ಹಲವು ಶಾಲೆಗಳು ಒಬ್ಬಿಬ್ಬರು ಶಿಕ್ಷಕರ ಮೇಲೆ ನಡೆಯುತ್ತವೆ. ಬಯಲುಸೀಮೆಯಿಂದ ವರ್ಗವಾಗಿ ಬಂದವರಿಗೆ ಇಲ್ಲಿನ ಮರದ ಹೆಸರು, ಉಂಬಳದ ಕಾಟ, ಎಲ್ಲವೂ ಹೊಸದು. ತೋಟದ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ, ಅಸ್ಸಾಮಿನ ಕುಟುಂಬಗಳ ಮಕ್ಕಳು ತರಗತಿಯಲ್ಲಿದ್ದಾರೆ. ಅವರ ನೆನಪಿನಲ್ಲಿ ಬೇರೆ ನದಿ, ಬೇರೆ ಹಕ್ಕಿ. ಇದನ್ನು ಕೊರತೆ ಎಂದುಕೊಳ್ಳಬೇಕಿಲ್ಲ. ಊರಿನ ಜೇನು ಕೀಳುವವರು, ನಾಟಿ ಔಷಧಿ ಕೊಡುವ ಅಜ್ಜಿ, ಚಗಳಿ ಇರುವೆಯ ಚಟ್ನಿ ಮಾಡುವ ಮನೆಯವರು, ಮರಗಸಿ ಮಾಡುವ ಕೆಲಸಗಾರರು ಶಾಲೆಗೆ ಬಂದು ಒಂದು ಗಂಟೆ ಮಾತಾಡಿದರೆ ಶಿಕ್ಷಕರ ಹೊರೆ ಇಳಿಯುತ್ತದೆ, ಮಂದಣ್ಣನಂಥವರಿಗೆ ಮಾನವೂ ಸಿಗುತ್ತದೆ.

ಕುಸಿತ, ಆನೆ, ಭಯ

2019ರ ಆಗಸ್ಟಿನ ಮಳೆಗೆ ಕೊಟ್ಟಿಗೆಹಾರದ ಸುತ್ತಿನ ಮಲೆಮನೆ, ಮಧುಗುಂಡಿ ಮೊದಲಾದ ಕಡೆ ಗುಡ್ಡ ಜರಿದು ಮನೆ, ತೋಟ, ಗದ್ದೆಗಳು ಮಣ್ಣಾದವು. ಚಾರ್ಮಾಡಿ ಘಾಟಿಯ ರಸ್ತೆ ಕುಸಿದು ಸಂಚಾರ ಬಹಳ ಕಾಲ ನಿಂತಿತು. ಆ ವರ್ಷ ಮನೆ ಕಳೆದುಕೊಂಡ ಮಕ್ಕಳಿಗೆ ಇಳಿಜಾರಿನ ನೆಲದ ಪಾಠವನ್ನು ಪುಸ್ತಕದ ಚಿತ್ರದಿಂದ ಕಲಿಸುವುದು ಸಾಲದು. ಅತಿಯಾದ ಮಳೆ ಒಂದು ಕಾರಣ. ಇಳಿಜಾರನ್ನು ಕಡಿದು ಮಾಡಿದ ರಸ್ತೆ, ಸಹಜ ನೀರುದಾರಿ ಮುಚ್ಚಿದ್ದು, ಬೇರು ಆಳಕ್ಕಿಳಿಸುವ ಕಾಡುಮರಗಳನ್ನು ತೆಗೆದದ್ದು ಕುಸಿತವನ್ನು ಹೆಚ್ಚಿಸುವ ಕಾರಣಗಳು. ಶಾಲೆಯ ಮೇಲಿನ ಗುಡ್ಡದಲ್ಲಿ ಬಿರುಕಿದೆಯೇ, ಒರತೆ ಹೊಸದಾಗಿ ಕೆಂಪಾಗಿ ಹರಿಯುತ್ತಿದೆಯೇ ಎಂದು ಗಮನಿಸಿ ದೊಡ್ಡವರಿಗೆ ತಿಳಿಸಲು ಮಕ್ಕಳು ಕಲಿತರೆ ಅದು ಜೀವ ಉಳಿಸುವ ವಿದ್ಯೆ.

ಆನೆಯ ವಿಷಯ ಇನ್ನೂ ಸೂಕ್ಷ್ಮ. ಮೂಡಿಗೆರೆಯ ತೋಟಗಳಲ್ಲಿ ಆನೆ ತುಳಿದು ಜನ ಸತ್ತಿದ್ದಾರೆ. ಆನೆ ಕಾರ್ಯಪಡೆಯ ಸಿಬ್ಬಂದಿ ಹಗಲಿರುಳು ಓಡಾಡುತ್ತಿದ್ದಾರೆ. ಮುಂಜಾನೆ ಮಂಜಿನಲ್ಲಿ ತೋಟದ ದಾರಿ ಹಿಡಿದು ಬಸ್ಸಿಗೆ ನಡೆಯುವ ಮಗುವಿಗೆ ಆನೆಯ ಸೌಂದರ್ಯವನ್ನಷ್ಟೇ ಹೇಳಿದರೆ ಅದು ನಂಬುವುದಿಲ್ಲ, ನಂಬಲೂಬಾರದು. ಲದ್ದಿ ಹಸಿಯೇ ಒಣಗಿದ್ದೇ, ಗಾಳಿ ಎತ್ತಣಿಂದ ಬೀಸುತ್ತಿದೆ, ಒಂಟಿ ಸಲಗ ಕಂಡರೆ ಏನು ಮಾಡಬೇಕು, ಯಾರಿಗೆ ಫೋನು ಮಾಡಬೇಕು ಎಂಬುದು ಮೊದಲು ಬರಬೇಕು. ಆನೆಯ ಹಳೆಯ ದಾರಿಗಳು ಎಲ್ಲಿ ತುಂಡಾದವು ಎಂಬ ನಕ್ಷೆ ಅದರ ಹಿಂದೆ ಬರಲಿ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ ಕುಟುಂಬಗಳು 2000ದ ದಶಕದ ಆರಂಭದಲ್ಲಿ ಹೊರಗೆ ನೆಲೆಗೊಂಡ ಕತೆಯೂ ಇದೇ ಜಿಲ್ಲೆಯದು. ಕಾಡು ಉಳಿಸಲು ಯಾರು ಏನು ಬಿಟ್ಟುಕೊಟ್ಟರು ಎಂಬುದನ್ನು ಆ ಕುಟುಂಬಗಳ ಮೊಮ್ಮಕ್ಕಳೇ ಬರೆಯಬಹುದು.

ಮಕ್ಕಳ ಕೈಯ ದಾಖಲಾತಿ

1990ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಹೋದ್ಯೋಗಿಗಳು ಪಶ್ಚಿಮಘಟ್ಟದ ಕಾಲೇಜು ಅಧ್ಯಾಪಕರು, ವಿದ್ಯಾರ್ಥಿಗಳನ್ನು ಒಟ್ಟುಗೂಡಿಸಿ ಆಯಾ ಊರಿನ ಜೀವವೈವಿಧ್ಯ ಬರೆದಿಡುವ ಜಾಲ ಕಟ್ಟಿದರು. 2002ರ ಜೀವವೈವಿಧ್ಯ ಕಾಯ್ದೆ ಈ ಆಲೋಚನೆಗೆ ಕಾನೂನಿನ ರೂಪ ಕೊಟ್ಟಿತು. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜನರ ಜೊತೆಗೂಡಿ ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಹಾಕಿದಾಗ ದೇಶದಾದ್ಯಂತ ಈ ಪುಸ್ತಕಗಳು ಅವಸರದಲ್ಲಿ ತಯಾರಾದವು. ಅವಸರದ ದಾಖಲಾತಿಯಲ್ಲಿ ಎಲ್ಲ ಊರಿಗೂ ಒಂದೇ ಮರದ ಪಟ್ಟಿ ನಕಲಾಗುವುದು ಸುಲಭ, ಆ ಊರಿನ ಹಳ್ಳದ ಕಪ್ಪೆ ಬಿಟ್ಟುಹೋಗುವುದೂ ಸುಲಭ.

ಈ ದಾಖಲಾತಿ ಒಮ್ಮೆ ಬರೆದು ಮುಚ್ಚಿಡುವ ಕಡತವಲ್ಲ, ಕಾಲಕಾಲಕ್ಕೆ ತಿದ್ದಿ ಬೆಳೆಸಬೇಕಾದದ್ದು. ಅದನ್ನು ತಿದ್ದುವ ಕೆಲಸಕ್ಕೆ ಶಾಲೆಗಿಂತ ಒಳ್ಳೆಯ ಜಾಗವಿಲ್ಲ. ಏಳನೆಯ ತರಗತಿಯ ಮಕ್ಕಳು ವರ್ಷಕ್ಕೊಂದು ಹಳ್ಳ, ಎಂಟನೆಯವರು ಒಂದು ದೇವರಬನ, ಒಂಬತ್ತನೆಯವರು ಒಂದು ತೋಟ ಎಂದು ಹಂಚಿಕೊಂಡು, ಕಂಡದ್ದನ್ನು ದಿನಾಂಕ, ಜಾಗ, ಊರಿನ ಹೆಸರಿನೊಡನೆ ಬರೆದರೆ ಐದಾರು ವರ್ಷಗಳಲ್ಲಿ ಪಂಚಾಯಿತಿಯ ಕೈಗೆ ನಂಬಬಹುದಾದ ದಾಖಲೆ ಬರುತ್ತದೆ. ಜೀವಿಗಳನ್ನು ಹಿಡಿಯದೆ, ಕೊಲ್ಲದೆ, ಕಾಡಿನೊಳಗೆ ಅಪ್ಪಣೆಯಿಲ್ಲದೆ ಹೋಗದೆ ಇದನ್ನು ಮಾಡಬಹುದು. ವನ್ಯಜೀವಿ ಕಾಯ್ದೆಯ ಮಿತಿಗಳನ್ನು ಕಲಿಸುವುದಕ್ಕೂ ಇದೇ ಸಂದರ್ಭ. ಹೋಂಸ್ಟೇಗೆ ಪರವಾನಗಿ ಕೊಡುವಾಗ, ರಸ್ತೆ ಅಗಲಿಸುವಾಗ, ಹಡ್ಲಿಗೆ ಮಣ್ಣು ಹಾಕಲು ಅರ್ಜಿ ಬಂದಾಗ ಪಂಚಾಯಿತಿ ಈ ಪುಸ್ತಕವನ್ನು ತೆರೆದು ನೋಡುವಂತಾಗಬೇಕು.

ಮೂಡಿಗೆರೆ, ಕಳಸ ತಾಲ್ಲೂಕುಗಳ ಪಂಚಾಯಿತಿ ಸದಸ್ಯರೂ ಶಾಲಾಭಿವೃದ್ಧಿ ಸಮಿತಿಗಳೂ ತಮ್ಮೂರಿನ ದಾಖಲಾತಿಯ ಒಂದು ಪ್ರತಿಯನ್ನು ಈ ಮಳೆಗಾಲಕ್ಕೆ ಮೊದಲೇ ಶಾಲೆಗೆ ಕೊಡಿಸಲಿ, ಅದರಲ್ಲಿ ಇಲ್ಲದ್ದನ್ನು ಸೇರಿಸುವ ಅಧಿಕಾರವನ್ನು ಮಕ್ಕಳಿಗೂ ಶಿಕ್ಷಕರಿಗೂ ಬರಹದಲ್ಲೇ ಕೊಡಲಿ.